ಓದುತ್ತಲೇ ಕೆಲಸ: ಸಪ್ಲೈ ಚೈನ್ ಕಲಿಯೋಕೆ ಯಾವ ದಾರಿ ಯಾರಿಗೆ?

ಪಿಯುಸಿ ಫಲಿತಾಂಶ ಬಂದ ಮೇಲೆ ಹುಡುಗರು, ಅವರಿಗಿಂತ ಜಾಸ್ತಿ ಅವರ ಅಪ್ಪ-ಅಮ್ಮ, ಫೋನ್ ಮಾಡಿ ಒಂದೇ ಪ್ರಶ್ನೆ ಕೇಳುತ್ತಾರೆ. "ಲಾಜಿಸ್ಟಿಕ್ಸ್‌ನಲ್ಲಿ ಬಿಬಿಎ ಅಂತೆ, ಅರ್ಧ ಓದು ಅರ್ಧ ಕೆಲಸವಂತೆ, ತಿಂಗಳಿಗೆ ದುಡ್ಡೂ ಕೊಡ್ತಾರಂತೆ. ಸೇರಿಸಬಹುದಾ?" ಲಾಜಿಸ್ಟಿಕ್ಸ್, ಸಪ್ಲೈ ಚೈನ್ ಅಂದರೆ ಮಾಲು ತರಿಸಿ, ಗೋದಾಮಿನಲ್ಲಿ ಇಟ್ಟು, ಬೇಕಾದ ಕಡೆ ಕಳಿಸುವ ಕೆಲಸ. ನೆಲಮಂಗಲದ ಕಡೆ ಗೋದಾಮುಗಳ ಕೆಲಸ ನೋಡಿದವನು ಅನ್ನೋ ಕಾರಣಕ್ಕೆ ನನ್ನನ್ನು ಕೇಳುತ್ತಾರೆ. ಸೇರಿಸಬಹುದು. ಆದರೆ ಕೋರ್ಸಿನ ಹೆಸರು, ಸಿಲಬಸ್, ಬ್ರೋಶರ್‌ನಲ್ಲಿರುವ ಹಡಗಿನ ಫೋಟೋ ಇವನ್ನು ನೋಡಿ ತೀರ್ಮಾನ ಮಾಡಬೇಡಿ. ಸಿಲಬಸ್ ಎಲ್ಲ ಕಡೆ ಹೆಚ್ಚುಕಮ್ಮಿ ಒಂದೇ. ವ್ಯತ್ಯಾಸ ಇರೋದು ಕೆಲಸದ ಅರ್ಧದಲ್ಲಿ. ಆ ಅರ್ಧಕ್ಕೆ ಯಾರು ಹೊಣೆ, ಅಲ್ಲಿ ನಿಮ್ಮ ಮಗನಿಂದ ಅಥವಾ ಮಗಳಿಂದ ಏನು ಮಾಡಿಸುತ್ತಾರೆ ಅನ್ನೋದು ಗೊತ್ತಾದರೆ ಆಯ್ಕೆ ಸುಲಭ.

ಈ ಕೋರ್ಸುಗಳಿಗೆ ಇಷ್ಟು ಬೇಡಿಕೆ ಯಾಕೆ ಬಂತು ಅನ್ನೋದನ್ನು ಮೊದಲು ಹೇಳಿಬಿಡುತ್ತೇನೆ. 2017ರಲ್ಲಿ ಜಿಎಸ್‌ಟಿ ಬರುವ ಮುಂಚೆ ಕಂಪನಿಗಳು ರಾಜ್ಯಕ್ಕೊಂದು ಸಣ್ಣ ಡಿಪೋ ಇಟ್ಟುಕೊಳ್ಳುತ್ತಿದ್ದವು. ಒಂದು ರಾಜ್ಯದಿಂದ ಇನ್ನೊಂದಕ್ಕೆ ಮಾರಿದರೆ ತೆರಿಗೆ ಬೀಳುತ್ತಿತ್ತಲ್ಲ, ಅದನ್ನು ತಪ್ಪಿಸಿಕೊಳ್ಳೋಕೆ. ಜಿಎಸ್‌ಟಿ ಬಂದ ಮೇಲೆ ಆ ಲೆಕ್ಕಾಚಾರ ಹೋಯಿತು. ಸಣ್ಣ ಡಿಪೋಗಳು ಮುಚ್ಚಿ ದೊಡ್ಡ ಗೋದಾಮುಗಳು ಎದ್ದವು. ನೆಲಮಂಗಲ, ದಾಬಸ್‌ಪೇಟೆ, ಹೊಸಕೋಟೆ, ಮಾಲೂರು ಕಡೆ ಹೋದವರಿಗೆ ಇದು ಕಣ್ಣಿಗೆ ಕಾಣುತ್ತದೆ. ಆನ್‌ಲೈನ್ ವ್ಯಾಪಾರ ಇದಕ್ಕೆ ಇನ್ನಷ್ಟು ಗಾಳಿ ಹಾಕಿತು. ಇಂಥ ಗೋದಾಮಿಗೆ ಮೂಟೆ ಹೊರುವವರು ಸಿಗುತ್ತಾರೆ, ಮೇಲಿನ ಮ್ಯಾನೇಜರೂ ಸಿಗುತ್ತಾರೆ. ನಡುವೆ ಸ್ಟಾಕ್ ಲೆಕ್ಕ ಹಿಡಿಯುವವರು, ಲಾರಿ ಪ್ಲಾನ್ ಮಾಡುವವರು, ಸಿಸ್ಟಮ್‌ಗೂ ರ‍್ಯಾಕಿಗೂ ತಾಳೆ ನೋಡುವವರು ಸಿಗೋದು ಕಷ್ಟ. ಈ ಕೋರ್ಸುಗಳು ತಯಾರು ಮಾಡಬೇಕಾಗಿರೋದು ಇವರನ್ನೇ.

ಕೆಲಸ ಅಂದರೆ ಏನು ಕೆಲಸ?

ಒಂದು ಉದಾಹರಣೆ ಕೊಡುತ್ತೇನೆ. ಬೆಳಗ್ಗೆ ಬಿಸ್ಕೆಟ್ ಲೋಡ್ ಬರುತ್ತದೆ. ಬಿಲ್‌ನಲ್ಲಿ 40 ಬಾಕ್ಸ್. ಇಳಿಸಿ ಎಣಿಸಿದರೆ 40 ಇದೆ, ಆದರೆ ಒಂದು ಬಾಕ್ಸ್ ನೆನೆದಿದೆ. ಜತೆಗೆ ಹೊಸದಾಗಿ ಬಂದ ಮಾಲಿನ ಎಕ್ಸ್‌ಪೈರಿ ತಾರೀಕು ರ‍್ಯಾಕಿನಲ್ಲಿ ಈಗಾಗಲೇ ಇರುವ ಮಾಲಿಗಿಂತ ಹದಿನೈದು ದಿನ ಮುಂಚೆಯೇ ಇದೆ. ಲಾರಿ ಡ್ರೈವರ್ "ಬೇಗ ಸೈನ್ ಹಾಕಿ ಸಾರ್, ಇನ್ನೊಂದು ಕಡೆ ಇಳಿಸಬೇಕು" ಅಂತ ತಲೆ ಮೇಲೆ ನಿಂತಿದ್ದಾನೆ. ಈಗ ಇನ್‌ವರ್ಡ್‌ನಲ್ಲಿ, ಅಂದರೆ ಬಂದ ಮಾಲು ತೆಗೆದುಕೊಳ್ಳುವ ವಿಭಾಗದಲ್ಲಿ, ಕೂತ ಹುಡುಗ ಜಿಆರ್‌ಎನ್‌ನಲ್ಲಿ (ಮಾಲು ಬಂದಿದ್ದಕ್ಕೆ ಮಾಡುವ ದಾಖಲೆಯಲ್ಲಿ) ಎಷ್ಟು ಹಾಕಬೇಕು? 39 ಒಳ್ಳೇದು, 1 ಡ್ಯಾಮೇಜ್ ಅಂತ ಬೇರೆ ಮಾಡಬೇಕು. ಲಾರಿ ರಸೀದಿ ಮೇಲೆ ಡ್ರೈವರ್ ಕೈಯಲ್ಲಿ ಬರೆಸಿಕೊಳ್ಳಬೇಕು, ಇಲ್ಲದಿದ್ದರೆ ಸಾಗಣೆದಾರನ ಮೇಲೆ ಕ್ಲೇಮ್ ನಿಲ್ಲಲ್ಲ. ಬ್ಯಾಚ್ ನಂಬರ್ ಸರಿಯಾಗಿ ಹೊಡೆಯಬೇಕು. ಮೊದಲು ಬಂದದ್ದು ಮೊದಲು ಹೋಗಬೇಕು ಅನ್ನೋ ಲೆಕ್ಕ ಇಲ್ಲಿ ನಡೆಯಲ್ಲ. ಮೊದಲು ಕೆಡುವಂಥದ್ದು ಮೊದಲು ಹೋಗಬೇಕು.

ಅವಸರದಲ್ಲಿ ಸುಮ್ನೆ 40 ಅಂತ ಹೊಡೆದರೆ ಆವತ್ತು ಏನೂ ಆಗಲ್ಲ. ಒಂದಷ್ಟು ದಿನ ಕಳೆದು, ಆರ್ಡರಿನ ಮಾಲು ಎತ್ತಿಕೊಡುವ ಪಿಕಿಂಗ್ ಹುಡುಗ ರ‍್ಯಾಕಿನ ಮುಂದೆ ನಿಂತಾಗ ಸಿಸ್ಟಮ್‌ನಲ್ಲಿ 1 ಬಾಕ್ಸ್ ಇರುತ್ತದೆ, ರ‍್ಯಾಕ್ ಖಾಲಿ ಇರುತ್ತದೆ. ಅಂಗಡಿಯವನಿಗೆ ಮಾಲು ಕಮ್ಮಿ ಹೋಗುತ್ತದೆ. ಬೈಗುಳ ಪಿಕಿಂಗ್ ಹುಡುಗನಿಗೆ ಬೀಳುತ್ತದೆ.

ಕಾಲೇಜಿನಲ್ಲಿ ಇದು "ಇನ್ವೆಂಟರಿ ನಿಖರತೆ" ಅನ್ನೋ ಹೆಸರಿನಲ್ಲಿ ಬಂದು ಹೋಗುತ್ತದೆ. ಎರಡು ತಿಂಗಳು ಇನ್‌ವರ್ಡ್, ಎರಡು ತಿಂಗಳು ಸ್ಟಾಕ್ ಎಣಿಕೆ, ಆಮೇಲೆ ಡಿಸ್ಪ್ಯಾಚ್, ಕೊನೆಗೆ ಪ್ಲಾನಿಂಗ್ ಅಂತ ತಿರುಗಿದ ವಿದ್ಯಾರ್ಥಿಗೆ ಈ ತಪ್ಪು ಎಲ್ಲಿ ಹುಟ್ಟಿ ಎಲ್ಲಿ ಸಿಡಿಯುತ್ತದೆ ಅಂತ ಗೊತ್ತಿರುತ್ತದೆ. ಒಂದು ವರ್ಷ ಪೂರ್ತಿ ಕೈಯಲ್ಲಿ ಸ್ಕ್ಯಾನರ್ ಹಿಡಿದು ಬಾಕ್ಸ್ ಮೇಲೆ ಟಿಕ್ ಟಿಕ್ ಅನ್ನಿಸಿದವನಿಗೆ ಗೊತ್ತಿರಲ್ಲ. ಇಬ್ಬರ ಸರ್ಟಿಫಿಕೇಟ್ ಮೇಲೂ ಬರೆದಿರೋದು ಒಂದೇ. ಮುಂದೆ ಪ್ರತಿ ಆಯ್ಕೆ ನೋಡುವಾಗಲೂ ಇದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ.

ಅಪ್ರೆಂಟಿಸ್‌ಶಿಪ್ ಸೇರಿದ ಡಿಗ್ರಿ

ಎಇಡಿಪಿ ಅಂತ ಕರೆಯುವ ಈ ದಾರಿಗೆ ಯುಜಿಸಿ 2020ರಲ್ಲಿ ಮಾರ್ಗಸೂಚಿ ಕೊಟ್ಟಿತು, 2025ರಲ್ಲಿ ಅದನ್ನು ಪರಿಷ್ಕರಿಸಿತು. ಮೂರು ವರ್ಷದ ಡಿಗ್ರಿಯಲ್ಲಿ ಒಂದರಿಂದ ಮೂರು ಸೆಮಿಸ್ಟರ್ ಕಂಪನಿಯಲ್ಲಿ ಕಳೆಯಬೇಕು, ಅದಕ್ಕೂ ಕ್ರೆಡಿಟ್ ಸಿಗುತ್ತದೆ. ಲಾಜಿಸ್ಟಿಕ್ಸ್ ವಿಷಯದಲ್ಲಿ ಚೆನ್ನೈನಲ್ಲಿರುವ ಲಾಜಿಸ್ಟಿಕ್ಸ್ ಸೆಕ್ಟರ್ ಸ್ಕಿಲ್ ಕೌನ್ಸಿಲ್ ದೇಶದ ಹಲವು ಕಾಲೇಜುಗಳ ಜತೆ ಸೇರಿ ಇಂಥ ಬಿಬಿಎ, ಬಿ.ಕಾಂ ಕೋರ್ಸುಗಳನ್ನು ನಡೆಸುತ್ತಿದೆ. ನಮ್ಮ ರಾಜ್ಯದ ಕೆಲವು ಸರ್ಕಾರಿ ಪದವಿ ಕಾಲೇಜುಗಳಲ್ಲೂ ಎಇಡಿಪಿ ಕೋರ್ಸುಗಳು ಬಂದಿವೆ. ನಿಮ್ಮ ಊರಿನ ಸರ್ಕಾರಿ ಕಾಲೇಜನ್ನು ಒಮ್ಮೆ ವಿಚಾರಿಸದೆ ಖಾಸಗಿ ಕಾಲೇಜಿಗೆ ದುಡ್ಡು ಕಟ್ಟಬೇಡಿ.

ಇದು ಬರೀ ಇಂಟರ್ನ್‌ಶಿಪ್ ಅಲ್ಲ. 1961ರ ಅಪ್ರೆಂಟಿಸ್ ಕಾಯ್ದೆಯ ಕೆಳಗೆ ಒಪ್ಪಂದ ಆಗುತ್ತದೆ, ಅದು ಸರ್ಕಾರದ ಪೋರ್ಟಲ್‌ನಲ್ಲಿ ದಾಖಲಾಗುತ್ತದೆ. ಡಿಗ್ರಿ ಅಪ್ರೆಂಟಿಸ್‌ಗಳಿಗೆ 2019ರ ನಿಯಮದ ಪ್ರಕಾರ ತಿಂಗಳಿಗೆ ಕನಿಷ್ಠ 9,000 ರೂಪಾಯಿ ಸ್ಟೈಪೆಂಡ್. ಇದನ್ನು ಶೇ. 36ರಷ್ಟು ಏರಿಸಿ ಅಂತ ಕೇಂದ್ರ ಅಪ್ರೆಂಟಿಸ್‌ಶಿಪ್ ಮಂಡಳಿ 2025ರ ಮೇ ತಿಂಗಳಲ್ಲಿ ಶಿಫಾರಸು ಮಾಡಿದೆ. ಸಹಿ ಹಾಕುವ ದಿನ ಜಾರಿಯಲ್ಲಿರುವ ಮೊತ್ತ ಯಾವುದು ಅಂತ ನೋಡಿಕೊಳ್ಳಿ.

ಇಲ್ಲಿ ಜನ ಎಡವುವುದು ಎರಡು ಕಡೆ. ಒಂದು, ಸ್ಟೈಪೆಂಡನ್ನು ಸಂಬಳ ಅಂದುಕೊಳ್ಳೋದು. ಕಾಯ್ದೆಯ ಪ್ರಕಾರ ಅಪ್ರೆಂಟಿಸ್ ಕಾರ್ಮಿಕನಲ್ಲ, ಕಲಿಯುವವನು. ಪಿಎಫ್ ಇಲ್ಲ, ಇಎಸ್‌ಐ ಇಲ್ಲ. ತರಬೇತಿ ಮುಗಿದ ಮೇಲೆ ಕಂಪನಿ ಕೆಲಸ ಕೊಡಲೇಬೇಕು ಅಂತಲೂ ಇಲ್ಲ. ಇದರ ಇನ್ನೊಂದು ಮುಖವೂ ಇದೆ. ಅಪ್ರೆಂಟಿಸ್‌ಶಿಪ್ ಸಲಹೆಗಾರರ ಒಪ್ಪಿಗೆ ಇಲ್ಲದೆ ಓವರ್‌ಟೈಮ್ ಮಾಡಿಸುವ ಹಾಗಿಲ್ಲ. ಕೆಲಸದಲ್ಲಿ ಪೆಟ್ಟಾದರೆ ಪರಿಹಾರ ಕೊಡುವ ಹೊಣೆ ಕಂಪನಿಯದ್ದೇ. ಹಬ್ಬದ ಸೇಲ್ ಸಮಯದಲ್ಲಿ "ಎಲ್ಲರೂ ಮಾಡ್ತಿದಾರೆ, ನೀನೂ ಹನ್ನೆರಡು ಗಂಟೆ ನಿಲ್ಲು" ಅಂದರೆ ಇದು ನೆನಪಿರಲಿ.

ಎರಡನೆಯದು, ಕಂಪನಿಗೆ ಅಪ್ರೆಂಟಿಸ್ ಬೇಕಾಗಿರೋದು ಯಾಕೆ ಅಂತ ಯೋಚಿಸದೇ ಇರೋದು. 30 ಅಥವಾ ಅದಕ್ಕಿಂತ ಹೆಚ್ಚು ಜನ ಇರುವ ಸಂಸ್ಥೆ ತನ್ನ ಸಿಬ್ಬಂದಿಯ ಶೇ. 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು. ಕೆಲವರು ಇದನ್ನು ಮುಂದಿನ ಸೂಪರ್‌ವೈಸರ್‌ಗಳನ್ನು ಬೆಳೆಸುವ ಅವಕಾಶ ಅಂತ ನೋಡುತ್ತಾರೆ. ಇನ್ನು ಕೆಲವರು ಕಡಿಮೆ ದುಡ್ಡಿಗೆ ಸಿಗುವ ಕೈ ಅಂತ ನೋಡುತ್ತಾರೆ. ನನ್ನ ಕಿವಿಗೆ ಬಿದ್ದ ದೂರುಗಳಲ್ಲಿ ಮುಕ್ಕಾಲು ಪಾಲು ಒಂದೇ: "ಸಾರ್, ಬಂದಾಗಿನಿಂದ ಲೇಬಲ್ ಅಂಟಿಸೋದು ಬಿಟ್ಟು ಬೇರೆ ಏನೂ ಕೊಟ್ಟಿಲ್ಲ."

ಹಾಗಾಗಿ ಒಂದು ಸೆಮಿಸ್ಟರ್ ಇರುವ ಕೋರ್ಸೋ ಮೂರು ಸೆಮಿಸ್ಟರ್ ಇರುವ ಕೋರ್ಸೋ ಅನ್ನೋ ಪ್ರಶ್ನೆಗೆ ನನ್ನ ಉತ್ತರ ಹೀಗಿದೆ. ವಿಭಾಗ ಬದಲಿಸುವ ಪಟ್ಟಿ ಬರಹದಲ್ಲಿ ಇದ್ದರೆ ಮೂರು ಸೆಮಿಸ್ಟರ್ ಚಿನ್ನ. ಇಲ್ಲದಿದ್ದರೆ ಒಂದೇ ಸೆಮಿಸ್ಟರ್ ಸಾಕು, ಉಳಿದ ಕಾಲ ತರಗತಿಯಲ್ಲಿ ಅಕೌಂಟ್ಸ್, ಅಂಕಿಅಂಶ, ಎಕ್ಸೆಲ್ ಗಟ್ಟಿ ಮಾಡಿಕೊಳ್ಳಲಿ.

ಬಿ.ವೋಕ್

ಬ್ಯಾಚುಲರ್ ಆಫ್ ವೊಕೇಷನ್, ಅಂದರೆ ಒಂದು ವೃತ್ತಿ ಕಲಿಸುವ ಡಿಗ್ರಿ. 2014ರಿಂದ ಇದೆ. ಇದರ ದೊಡ್ಡ ಗುಣ, ನಡುವೆ ಇಳಿಯಬಹುದು. ಒಂದು ವರ್ಷಕ್ಕೆ ಡಿಪ್ಲೊಮಾ, ಎರಡಕ್ಕೆ ಅಡ್ವಾನ್ಸ್ಡ್ ಡಿಪ್ಲೊಮಾ, ಮೂರಕ್ಕೆ ಡಿಗ್ರಿ. ಮನೆಯ ಪರಿಸ್ಥಿತಿ ಯಾವಾಗ ಹೇಗೆ ಅಂತ ಹೇಳೋಕಾಗದವರಿಗೆ ಇದು ನಿಜಕ್ಕೂ ಉಪಯೋಗ. ಕೈಗೆ ಏನೂ ಇಲ್ಲದೆ ಹೊರಬರುವ ಭಯ ಇಲ್ಲ. ಯಾವುದೇ ಡಿಗ್ರಿ ಸಾಕು ಅನ್ನುವ ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಇದನ್ನು ಪರಿಗಣಿಸಬೇಕು ಅಂತ ಯುಜಿಸಿ ಹೇಳಿದೆ. ಆದರೆ ಮುಂದೆ ಎಂ.ಕಾಂ ಮಾಡುವ ಆಸೆ ಇದ್ದರೆ, ಆ ವಿಶ್ವವಿದ್ಯಾಲಯ ಬಿ.ವೋಕ್ ಒಪ್ಪುತ್ತದಾ ಅಂತ ಈಗಲೇ ಕೇಳಿ. ನೆಂಟರಿಗೆ "ಬಿ.ವೋಕ್ ಅಂದ್ರೆ ಏನು" ಅಂತ ಮೂರು ವರ್ಷ ವಿವರಿಸುವ ತಾಳ್ಮೆಯೂ ಬೇಕು.

ಮಾಮೂಲಿ ಬಿ.ಕಾಂ, ಆಮೇಲೆ ಒಂದು ವರ್ಷ ಅಪ್ರೆಂಟಿಸ್

ಈ ದಾರಿಗೆ ಯಾರೂ ಜಾಹೀರಾತು ಕೊಡಲ್ಲ. ಆದರೆ ಬಹಳ ಮಂದಿಗೆ ನಾನು ಹೇಳೋದು ಇದನ್ನೇ. ಮನೆ ಹತ್ತಿರದ ಒಳ್ಳೆ ಕಾಲೇಜಿನಲ್ಲಿ ಬಿ.ಕಾಂ ಅಥವಾ ಬಿಬಿಎ ಮುಗಿಸಿ. ಆಮೇಲೆ ಕೇಂದ್ರ ಸರ್ಕಾರದ ಅಪ್ರೆಂಟಿಸ್ ಯೋಜನೆಯಾದ ನ್ಯಾಟ್ಸ್‌ನ ಪೋರ್ಟಲ್‌ನಲ್ಲಿ ಹೆಸರು ನೋಂದಾಯಿಸಿ ಒಂದು ವರ್ಷ ಅಪ್ರೆಂಟಿಸ್ ಆಗಿ. ಮೊದಲು ಇದು ಇಂಜಿನಿಯರಿಂಗ್, ಡಿಪ್ಲೊಮಾ ಮುಗಿಸಿದವರಿಗೆ ಇದ್ದ ಯೋಜನೆ. ಈಗ ಬಿ.ಎ, ಬಿ.ಕಾಂ, ಬಿ.ಎಸ್ಸಿ ಮುಗಿಸಿದವರಿಗೂ ಬಾಗಿಲು ತೆರೆದಿದೆ. ಕನಿಷ್ಠ ಸ್ಟೈಪೆಂಡಿನ ಅರ್ಧವನ್ನು ಕೇಂದ್ರ ಸರ್ಕಾರ ಭರಿಸುತ್ತದೆ.

ಇದರ ಲಾಭ ಏನು? ಹದಿನೆಂಟು ವರ್ಷಕ್ಕೆ "ನನಗೆ ಗೋದಾಮಿನ ಕೆಲಸ ಇಷ್ಟ" ಅಂತ ತೀರ್ಮಾನ ಮಾಡೋದು ಕಷ್ಟ. ಬಿ.ಕಾಂ ಮಾಡಿದವರಿಗೆ ಬ್ಯಾಂಕ್, ಆಡಿಟ್, ಕೆಎಎಸ್ ಎಲ್ಲವೂ ತೆರೆದಿರುತ್ತದೆ. ಡಿಗ್ರಿ ಮುಗಿಯುವ ಹೊತ್ತಿಗೂ ಆಸಕ್ತಿ ಉಳಿದಿದ್ದರೆ ಕಂಪನಿಯನ್ನು ನೀವೇ ಆರಿಸಿಕೊಳ್ಳಬಹುದು, ಕಾಲೇಜು ತೋರಿಸಿದ ಕಡೆಗೇ ಹೋಗಬೇಕಾಗಿಲ್ಲ. ನಷ್ಟ ಏನಂದರೆ ಒಂದು ವರ್ಷ ಜಾಸ್ತಿ ಹಿಡಿಯುತ್ತದೆ, ಓದುವಾಗ ಕೈಗೆ ದುಡ್ಡು ಬರಲ್ಲ.

ಯುವನಿಧಿ ಬಗ್ಗೆ ಕೇಳುವವರಿಗೆ ಒಂದು ಮಾತು. ಡಿಗ್ರಿ ಮುಗಿಸಿ 180 ದಿನ ಕೆಲಸ ಸಿಗದವರಿಗೆ ರಾಜ್ಯ ಸರ್ಕಾರ ಕೊಡುವ 3,000 ರೂಪಾಯಿ ಅದು. ಅಪ್ರೆಂಟಿಸ್ ವೇತನ ಪಡೆಯುತ್ತಿರುವವರಿಗೆ ಅನ್ವಯ ಆಗಲ್ಲ. ಎರಡನ್ನೂ ತೆಗೆದುಕೊಳ್ಳೋಣ ಅಂತ ಲೆಕ್ಕ ಹಾಕಬೇಡಿ. 3,000ಕ್ಕೆ ಆಸೆಪಟ್ಟು ಅಪ್ರೆಂಟಿಸ್‌ಶಿಪ್ ಬಿಡೋದಂತೂ ಬೇಡವೇ ಬೇಡ.

ಕೆಲಸ ಮೊದಲು, ಡಿಗ್ರಿ ಅಂಚೆಯಲ್ಲಿ

ಈಗಾಗಲೇ ಗೋದಾಮಿನಲ್ಲೋ ಟ್ರಾನ್ಸ್‌ಪೋರ್ಟ್ ಆಫೀಸಿನಲ್ಲೋ ಕೆಲಸಕ್ಕೆ ಸೇರಿಬಿಟ್ಟವರು ಕೆಲಸ ಬಿಟ್ಟು ಕಾಲೇಜಿಗೆ ಹೋಗಬೇಕಾಗಿಲ್ಲ. ಮೈಸೂರಿನ ಮುಕ್ತ ವಿಶ್ವವಿದ್ಯಾಲಯ ಇದೆ, ಇಗ್ನೋ ಇದೆ. ಇಗ್ನೋದಲ್ಲಿ ಪರೀಕ್ಷೆಗಳು ಜೂನ್ ಮತ್ತು ಡಿಸೆಂಬರ್‌ನಲ್ಲಿ ಬರುತ್ತವೆ. ಸೇರುವ ಮುಂಚೆ ಆ ಕೋರ್ಸಿಗೆ ಆ ವರ್ಷ ಯುಜಿಸಿಯ ದೂರಶಿಕ್ಷಣ ವಿಭಾಗದ ಮಾನ್ಯತೆ ಇದೆಯಾ ಅಂತ ನೋಡಿ. ಮಾನ್ಯತೆ ತಪ್ಪಿದರೆ ವಿದ್ಯಾರ್ಥಿಗಳ ಪಾಡು ಏನಾಗುತ್ತದೆ ಅನ್ನೋದನ್ನು ನಮ್ಮ ರಾಜ್ಯ ಒಮ್ಮೆ ನೋಡಿದೆ.

ಈ ದಾರಿಯಲ್ಲಿ ಸಂಬಳ ಪೂರ್ತಿ, ಪಿಎಫ್ ಉಂಟು, ಅನುಭವ ನಿಜವಾದದ್ದು. ಕೊರತೆ ಒಂದೇ, ಕೆಲಸಕ್ಕೂ ಪುಸ್ತಕಕ್ಕೂ ನಂಟು ಹಾಕಿಕೊಡುವವರು ಯಾರೂ ಇರಲ್ಲ. ರಾತ್ರಿ ಶಿಫ್ಟ್ ಮುಗಿಸಿ ಬಂದು ಅಸೈನ್‌ಮೆಂಟ್ ಬರೆಯುವ ಹಟ ಇದ್ದವರಿಗೆ ಮಾತ್ರ.

ಆಪರೇಷನ್ಸ್ ಕಡೆ ಒಲವಿದ್ದರೆ

ಸಪ್ಲೈ ಚೈನ್ ಮತ್ತು ಆಪರೇಷನ್ಸ್ ಅಂತ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುತ್ತಾರೆ. ಮಾಲು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ ಅನ್ನೋದು ಒಂದು. ಕಾರ್ಖಾನೆಯ ಒಳಗೆ ಅದು ಹೇಗೆ ತಯಾರಾಗುತ್ತದೆ, ಲೈನ್ ಎಲ್ಲಿ ನಿಲ್ಲುತ್ತದೆ, ಯಾವ ಮೆಷಿನ್ ಮುಂದೆ ಕೆಲಸ ಗುಡ್ಡೆ ಬೀಳುತ್ತದೆ ಅನ್ನೋದು ಇನ್ನೊಂದು. ಪೀಣ್ಯ, ಬೊಮ್ಮಸಂದ್ರ, ಬಿಡದಿ ಕಡೆಯ ಕಾರ್ಖಾನೆಗಳಲ್ಲಿ ಈ ಎರಡನೇ ಕೆಲಸಕ್ಕೆ ಬಿಬಿಎಗಿಂತ ಪಾಲಿಟೆಕ್ನಿಕ್ ಡಿಪ್ಲೊಮಾ ಮಾಡಿದವರಿಗೆ ಮಣೆ ಜಾಸ್ತಿ. ಸಿಇಟಿಯಲ್ಲಿ ಒಳ್ಳೆ ರ‍್ಯಾಂಕ್ ಬಂದರೆ ಆರ್‌.ವಿ., ಬಿಎಂಎಸ್, ರಾಮಯ್ಯದಂಥ ಕಾಲೇಜುಗಳಲ್ಲಿ ಇಂಡಸ್ಟ್ರಿಯಲ್ ಇಂಜಿನಿಯರಿಂಗ್ ಓದಬಹುದು. ಕಂಪ್ಯೂಟರ್ ಸೈನ್ಸ್ ಗಲಾಟೆಯಲ್ಲಿ ಇದನ್ನು ಯಾರೂ ಮೂಸಿ ನೋಡಲ್ಲ, ಅದೇ ಬೇಜಾರು.

ನೀವು ಎಲ್ಲಿದ್ದೀರಿ ಅನ್ನೋದೂ ಲೆಕ್ಕಕ್ಕೆ ಬರುತ್ತದೆ

9,000 ರೂಪಾಯಿ ತುಮಕೂರಿನ ಹುಡುಗನಿಗೆ ಬೇರೆ, ರಾಯಚೂರಿನ ಹುಡುಗಿಗೆ ಬೇರೆ. ತುಮಕೂರಿನವನು ಮನೆಯಲ್ಲಿ ಊಟ ಮಾಡಿ ದಾಬಸ್‌ಪೇಟೆಗೆ ದಿನಾ ಹೋಗಿಬರುತ್ತಾನೆ, ದುಡ್ಡು ಉಳಿಯುತ್ತದೆ. ದೂರದಿಂದ ಬಂದವರಿಗೆ ಪಿಜಿ ಬಾಡಿಗೆಗೇ ಆರೇಳು ಸಾವಿರ ಹೋದರೆ ಕೈಯಿಂದಲೇ ಹಾಕಬೇಕು. ಹಾಗಾಗಿ ಸ್ಟೈಪೆಂಡ್ ಎಷ್ಟು ಅಂತ ಕೇಳುವ ಮುಂಚೆ ಕಂಪನಿ ಎಲ್ಲಿ, ಬಸ್ ಇದೆಯಾ, ಊಟ ಕೊಡುತ್ತಾರಾ ಅಂತ ಕೇಳಿ. ಹೆಣ್ಣುಮಕ್ಕಳಿದ್ದರೆ ಶಿಫ್ಟ್ ಎಷ್ಟಕ್ಕೆ ಬಿಡುತ್ತದೆ, ಆ ಹೊತ್ತಿಗೆ ಮನೆ ತನಕ ಗಾಡಿ ಇದೆಯಾ ಅನ್ನೋದನ್ನು ಕಾಗದದಲ್ಲೇ ಬರೆಸಿಕೊಳ್ಳಿ. ಎಷ್ಟೋ ಗೋದಾಮುಗಳು ಹೆದ್ದಾರಿಯಿಂದ ಒಳಗೆ ಎರಡು-ಮೂರು ಕಿಲೋಮೀಟರ್ ಇರುತ್ತವೆ, ಆಟೋ ಕೂಡ ಸಿಗಲ್ಲ.

ಮಂಗಳೂರು, ಉಡುಪಿ ಕಡೆಯವರು ಬೆಂಗಳೂರಿನ ಗೋದಾಮಿಗೆ ಓಡಿಬರುವ ಮುಂಚೆ ಪಣಂಬೂರಿನ ಕಡೆ ನೋಡಲಿ. ನವಮಂಗಳೂರು ಬಂದರು ಇರುವುದರಿಂದ ಅಲ್ಲಿ ಕಸ್ಟಮ್ಸ್ ಏಜೆಂಟರು, ಮಾಲು ಸಾಗಿಸುವ ಏರ್ಪಾಡು ಮಾಡಿಕೊಡುವ ಫ್ರೈಟ್ ಫಾರ್ವರ್ಡರ್‌ಗಳು ಇದ್ದಾರೆ. ಕಾಫಿ, ಗೋಡಂಬಿ ಕಂಟೇನರ್ ಹೊರಡುವಾಗ ಶಿಪ್ಪಿಂಗ್ ಬಿಲ್, ಬಿಲ್ ಆಫ್ ಲೇಡಿಂಗ್ ತಯಾರಿಸೋದು ಕಾಗದಪತ್ರದ ಕೆಲಸ, ಅಕ್ಷರ ತಪ್ಪಿದರೆ ಕಂಟೇನರ್ ನಿಲ್ಲುತ್ತದೆ. ಈ ಕೆಲಸ ಕಲಿತು ಕಸ್ಟಮ್ಸ್‌ನ ಜಿ ಕಾರ್ಡ್ ಪರೀಕ್ಷೆ ಪಾಸ್ ಮಾಡಿದವರಿಗೆ ಡಿಗ್ರಿ ಯಾವುದು ಅಂತ ಕೇಳುವವರು ಕಡಿಮೆ.

ಹೊರದೇಶದ ಆಸೆ

ಜರ್ಮನಿಯ ಬಾಡೆನ್-ವ್ಯುರ್ಟೆಂಬರ್ಗ್‌ನಲ್ಲಿರುವ ಡಿಎಚ್‌ಬಿಡಬ್ಲ್ಯು ವಿಶ್ವವಿದ್ಯಾಲಯದ ಪದ್ಧತಿ ಈ ವಿಷಯದಲ್ಲಿ ಹೆಸರುವಾಸಿ. ಸುಮಾರು ಮೂರು ತಿಂಗಳು ತರಗತಿ, ಮೂರು ತಿಂಗಳು ಕಂಪನಿ, ಹೀಗೆ ಮೂರು ವರ್ಷ. ಮೂರೂ ವರ್ಷ ಕಂಪನಿ ವೇತನ ಕೊಡುತ್ತದೆ. ಆದರೆ ಮೊದಲು ಕಂಪನಿ ಒಪ್ಪಂದ, ಆಮೇಲೆ ಸೀಟು. ಪಾಠ ಬಹುಪಾಲು ಜರ್ಮನ್ ಭಾಷೆಯಲ್ಲಿ. ಇಲ್ಲಿ ಕೂತು ಜರ್ಮನ್ ಕಲಿತು, ಅಲ್ಲಿಯ ಕಂಪನಿಗೆ ಅರ್ಜಿ ಹಾಕಿ ಒಪ್ಪಿಸೋದು ಸಣ್ಣ ಕೆಲಸವಲ್ಲ.

ಅಮೆರಿಕದ ಕಾಲೇಜುಗಳ ಪುಟದಲ್ಲಿ "ವರ್ಕ್ ಸ್ಟಡಿ" ಅಂತ ಕಂಡು ಖುಷಿಪಡುವವರು ತಿಳಿದಿರಬೇಕಾದ್ದು: ಫೆಡರಲ್ ವರ್ಕ್ ಸ್ಟಡಿ ಅನ್ನೋದು ಸರ್ಕಾರಿ ನೆರವು, ನಮ್ಮಲ್ಲಿಂದ ವಿದ್ಯಾರ್ಥಿ ವೀಸಾದಲ್ಲಿ ಹೋದವರಿಗೆ ಸಿಗಲ್ಲ. ಅವರಿಗೆ ಇರೋದು ಸಿಪಿಟಿ, ಅಂದರೆ ಕೋರ್ಸಿನ ಭಾಗವಾಗಿ ಕಂಪನಿಯಲ್ಲಿ ಕೆಲಸ ಮಾಡುವ ಅನುಮತಿ. ಅದನ್ನು ಪೂರ್ಣಾವಧಿಯಾಗಿ 12 ತಿಂಗಳು ಬಳಸಿದರೆ ಅದೇ ಹಂತದ ಓದು ಮುಗಿದ ಮೇಲೆ ಸಿಗಬೇಕಾದ ಕೆಲಸದ ಅನುಮತಿ, ಅಂದರೆ ಒಪಿಟಿ, ಕೈತಪ್ಪುತ್ತದೆ. ಕೋ-ಆಪ್ (ಓದಿನ ನಡುವೆ ಕಂಪನಿಯಲ್ಲಿ ಕೆಲಸ) ಇರುವ ಕೋರ್ಸಿಗೆ ಹೋಗುವವರು ತಿಂಗಳ ಲೆಕ್ಕ ಮೊದಲೇ ಹಾಕಿಕೊಳ್ಳಬೇಕು. ಇನ್ನೊಂದು ವಿಷಯ, 2024-25ರಿಂದ ನಮ್ಮ ರಾಜ್ಯ ಮತ್ತೆ ಮೂರು ವರ್ಷದ ಡಿಗ್ರಿಗೆ ಮರಳಿದೆ. ನಾಲ್ಕು ವರ್ಷದ ಡಿಗ್ರಿಯೇ ಬೇಕು ಅನ್ನುವ ಹೊರದೇಶದ ವಿಶ್ವವಿದ್ಯಾಲಯಗಳೂ ಇವೆ, ಎಂ.ಎಸ್ ಕನಸಿದ್ದರೆ ಇದನ್ನು ಈಗಲೇ ನೋಡಿಕೊಳ್ಳಿ.

ಸೇರುವ ಮುಂಚೆ ಕಾಲೇಜಿನಲ್ಲಿ ಕೇಳಬೇಕಾದ್ದು

ಪ್ರಿನ್ಸಿಪಾಲರ ಕೋಣೆಯಲ್ಲಿ ಕಾಫಿ ಕುಡಿದು ಬರಬೇಡಿ. ಕೆಲಸಕ್ಕೆ ಹೋಗಿರುವ ಹಿಂದಿನ ಬ್ಯಾಚಿನ ಹುಡುಗರ ಜತೆ ಮಾತಾಡಿಸಿ ಅನ್ನಿ. ಅವರಿಗೆ "ಹೋದ ವಾರ ಏನು ಕೆಲಸ ಮಾಡಿದೆ?" ಅಂತ ಕೇಳಿ. "ಡಿಸ್ಪ್ಯಾಚ್‌ನಲ್ಲಿ ಲಾರಿ ಪ್ಲಾನ್ ಮಾಡಿದೆ, ಎರಡು ಲೋಡ್‌ಗೆ ಇ-ವೇ ಬಿಲ್ ಮಾಡಿದೆ" ಅಂದರೆ ಸರಿ. "ಅದೇ ಸಾರ್, ಸ್ಕ್ಯಾನಿಂಗ್" ಅಂತ ನಕ್ಕರೆ ಯೋಚಿಸಿ.

ಒಪ್ಪಂದದ ಮಾದರಿ ಪ್ರತಿ ಕೇಳಿ. ಕೊಡಲ್ಲ ಅಂದರೆ ಅಲ್ಲಿಗೆ ಮುಗಿಯಿತು, ಎದ್ದು ಬನ್ನಿ. ಅದರಲ್ಲಿ ಕಂಪನಿಯ ಹೆಸರು ಇದೆಯಾ ಅಥವಾ ನಡುವಿನ ಏಜೆನ್ಸಿಯ ಹೆಸರು ಮಾತ್ರ ಇದೆಯಾ ನೋಡಿ. ಏಜೆನ್ಸಿ ಇದ್ದ ಮಾತ್ರಕ್ಕೆ ಕೆಟ್ಟದ್ದಲ್ಲ, ನಿಯಮದಲ್ಲೇ ಅದಕ್ಕೆ ಅವಕಾಶ ಇದೆ. ಆದರೆ ತೊಂದರೆ ಆದಾಗ ಯಾರಿಗೆ ಫೋನ್ ಮಾಡಬೇಕು ಅನ್ನೋದು ಸ್ಪಷ್ಟ ಇರಬೇಕು. ಕಂಪನಿ ನಡುವೆ ಕೈಬಿಟ್ಟರೆ ಆ ಸೆಮಿಸ್ಟರಿನ ಕ್ರೆಡಿಟ್ ಏನಾಗುತ್ತದೆ? ಪರೀಕ್ಷೆ ದಿನ ರಜೆ ಇದೆಯಾ? ಕಾಲೇಜಿನಿಂದ ಯಾರಾದರೂ ತಿಂಗಳಿಗೊಮ್ಮೆ ಬಂದು ನೋಡುತ್ತಾರಾ? ಈ ಕೊನೆಯ ಪ್ರಶ್ನೆಗೆ ಹೆಸರು ಹೇಳಿ ಉತ್ತರ ಕೊಡುವ ಕಾಲೇಜನ್ನು ನಾನು ಮೇಲೆ ಇಡುತ್ತೇನೆ, ಕಟ್ಟಡ ಹೇಗೇ ಇರಲಿ.

ಸೀಟು ಪಕ್ಕಾ ಆದ ಮೇಲೆ ಒಂದು ಸಣ್ಣ ಕೆಲಸ ಬಾಕಿ ಇರುತ್ತದೆ. ಸ್ಟೈಪೆಂಡಿನಲ್ಲಿ ಸರ್ಕಾರದ ಪಾಲು ನೇರ ವಿದ್ಯಾರ್ಥಿಯ ಖಾತೆಗೆ ಬರುತ್ತದೆ, ಅದಕ್ಕೆ ಖಾತೆ ಆಧಾರ್‌ಗೆ ಜೋಡಣೆ ಆಗಿರಬೇಕು. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ "ಮಂಜುನಾಥ ಕೆ.", ಆಧಾರ್‌ನಲ್ಲಿ "ಮಂಜುನಾಥ್ ಕೃಷ್ಣಪ್ಪ" ಅಂತ ಇದ್ದರೆ ಪೋರ್ಟಲ್‌ನಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ. ತರಗತಿ ಶುರುವಾಗುವ ಮುಂಚೆಯೇ ಹೆಸರು ಸರಿ ಮಾಡಿಸಿ, ಆಮೇಲೆ ಶಿಫ್ಟ್ ನಡುವೆ ಆಧಾರ್ ಕೇಂದ್ರಕ್ಕೆ ಹೋಗೋಕೆ ರಜೆ ಸಿಗಲ್ಲ.